ನಾಲ್ಕು ಬಾಟಲಿ ಸಲೈನ್

"ನರ ಸಿಗ್ದೇ ಇದ್ರೆ ದನದ ಡಾಕ್ಟ್ರ ಹತ್ರ ಹೋಗಿ ಕಲ್ತ್ಕೊಂಡ್ ಬಾರೇ ಮುಂಡೆ! ಮೂರ್ನೇ ಸಲ ಚುಚ್ತಾ ಇದೀಯ. ಇದು ಕೈಯೋ, ದಿಂಬೋ?"

ಶೆಫ್ಕೆತ್ ತಗಡಿನ ಆಫೀಸಿನ ಸೋಫಾದ ಮೇಲೆ ಬೂಟುಗಾಲು ಚಾಚಿ ಬಿದ್ದುಕೊಂಡಿದ್ದ. ಬಾಯಿಂದ ಪ್ಲಮ್ ಹಣ್ಣಿನ ಸಾರಾಯಿಯ ಹುಳಿವಾಸನೆ ಹೊಡೆಯುತ್ತಿತ್ತು. ಹಿಂದಿನ ದಿನ ಹೊಸ ಗುತ್ತಿಗೆ ಸಿಕ್ಕಿತ್ತು. ನದಿಯ ಆಚೆಗಿನ ಇಡೀ ಗುಡ್ಡದ ನೆಲಬಾಂಬು ತೆಗೆಯುವ ಗುತ್ತಿಗೆ. ನಮ್ಮ ಕಡೆ ದುಡ್ಡಿದ್ದವರು ಕುಡಿದ ಮರುದಿನ ಡ್ರಿಪ್ಸ್ ಹಾಕಿಸಿಕೊಳ್ಳುತ್ತಾರೆ. ದುಡ್ಡಿಲ್ಲದವರು ಎಲೆಕೋಸಿನ ಉಪ್ಪಿನಕಾಯಿಯ ನೀರು ಕುಡಿದು ಕೆಲಸಕ್ಕೆ ಹೋಗುತ್ತಾರೆ.

ಸೂಜಿ ಕೂತಿತು. ಬಾಟಲಿಯನ್ನು ಕಿಟಕಿಯ ಮೊಳೆಗೆ ತಗುಲಿಸಿದೆ.

"ಯಜಮಾನ್ರೇ, ಇದು ಮೂರ್ನೇದು. ಚೀಲದಲ್ಲಿ ಇದ್ದಿದ್ದೇ ನಾಲ್ಕು."

"ಇನ್ನೊಂದು ಉಳೀತಲ್ಲ. ಹತ್ತು ತಿಂಗ್ಳಾಯ್ತು, ಯಾವನ್ ಸತ್ತಿದಾನೆ? ನಿನ್ ಸಲೈನು ಕೂತಲ್ಲೇ ಕೊಳೀತಿತ್ತು. ನನ್ಗಾದ್ರೂ ಉಪಯೋಗಕ್ಕೆ ಬಂತು ಅಂತ ಖುಷಿ ಪಡು."

ಹೊರಗೆ ಆಂಬುಲೆನ್ಸಿನ ಎಂಜಿನ್ ಶುರುವಾದ ಸದ್ದು. ನಾನು ಬಾಗಿಲಿಗೆ ಓಡಿದೆ. ಡ್ರೈವರ್ ಸಾಲ್ಕೊ ಗಾಡಿಯನ್ನು ತಿರುಗಿಸುತ್ತಿದ್ದ. ಗಾಡಿ ಯಾವಾಗಲೂ ಇಳಿಜಾರಿಗೆ ಮುಖ ಮಾಡಿಕೊಂಡು, ಬಾಗಿಲು ತೆರೆದು, ಸ್ಟ್ರೆಚರ್ ಅರ್ಧ ಎಳೆದು ನಿಂತಿರಬೇಕು. ಕಾನೂನು ಅದು.

"ಎಲ್ಲಿಗೋ ಸಾಲ್ಕೊ?"

ಅವನು ನನ್ನ ಮುಖ ನೋಡಲಿಲ್ಲ. "ಕೆಳಗಿನ ಹೋಟ್ಲಿಗೆ ಅಕ್ಕ. ಎರಡು ಕುರಿಮರಿ ಸುಡ್ತಾ ಇದಾರಂತೆ, ಆಗೋವರ್ಗೂ ಕಾದು ತರ್ಬೇಕು. ಮಧ್ಯಾಹ್ನ ಕೆಲಸ ತಪಾಸಣೆಗೆ ಕಮಿಶನ್ನೋರು ಬರ್ತಾರಲ್ಲ. ಯಜಮಾನ್ರ ಕಾರಲ್ಲಿ ಹಾಕಿದ್ರೆ ಸೀಟು ಜಿಡ್ಡಾಗ್ತದಂತೆ."

ಒಳಗಿಂದ ಶೆಫ್ಕೆತ್ ಕೂಗಿದ: "ಅವನ್ನೇನ್ ವಿಚಾರಣೆ ಮಾಡ್ತೀಯ? ಏಳಾಯ್ತು. ವಾಕಿಟಾಕಿ ತಗೊಂಡು ತಯಾರು ಅನ್ನು. ಕಮಿಶನ್ನೋರು ಬಂದಾಗ ಹುಡುಗ್ರು ಸಾಲಾಗಿ ಮೊಣಕಾಲೂರಿ ಕೆಲಸ ಮಾಡ್ತಿರ್ಬೇಕು, ಬೀಡಿ ಸೇದ್ತಾ ಕೂತಿರ್ಬಾರ್ದು."

"ಗಾಡಿ ಇಲ್ದೆ ಹೆಂಗೆ ಅನ್ಲಿ?"

ಅವನು ಕತ್ತು ಮಾತ್ರ ಎತ್ತಿದ. ಕಣ್ಣಿನ ಬಿಳಿ ಹಳದಿಯಾಗಿತ್ತು. "ಆಸ್ಪತ್ರೆಯಿಂದ ಒದ್ದು ಹೊರಗಾಕಿದ ನರ್ಸ್‌ಗಳು ಈ ಜಿಲ್ಲೆಯಲ್ಲಿ ಎಷ್ಟು ಜನ ಇದಾರೆ ಗೊತ್ತೇನೇ ನಿನ್ಗೆ? ದಿನಾ ಒಬ್ಳು ಬಂದು ನನ್ ಬಾಗ್ಲಲ್ಲಿ ನಿಲ್ತಾಳೆ. ನಿನ್ಗಿಂತ ವಯಸ್ಸಲ್ಲಿ ಚಿಕ್ಕೋರು. ನರ ಸಿಗೋರು."

ನೆಲಬಾಂಬಿನ ಕೆಲಸದಲ್ಲಿ ಒಂದು ರೂಢಿಯಿದೆ. ಬೆಳಗ್ಗೆ ಏಳಕ್ಕೆ ಎಲ್ಲರೂ ಗುಡ್ಡದ ಇಳಿಜಾರಿನಲ್ಲಿ ತಂತಮ್ಮ ಪಟ್ಟಿಯ ಬಾಯಲ್ಲಿ ಹೋಗಿ ನಿಲ್ಲುತ್ತಾರೆ. ಒಂದೊಂದು ಪಟ್ಟಿ ಒಂದು ಮೀಟರ್ ಅಗಲ, ಎರಡೂ ಕಡೆ ಕೆಂಪು ಹಗ್ಗ. ಮೇಲಿನಿಂದ, ನನ್ನ ವಾಕಿಟಾಕಿಯಿಂದ, "ನರ್ಸ್ ತಯಾರು" ಅನ್ನುವ ಎರಡು ಮಾತು ಬರುವವರೆಗೆ ಯಾರೂ ಮೊಣಕಾಲೂರುವುದಿಲ್ಲ. ಸಿಡಿದರೆ ಎತ್ತಿ ಹೊರಲು ಗಾಡಿಯಿದೆ, ಗಾಯ ಕಟ್ಟಲು ಬಟ್ಟೆಯಿದೆ, ನರಕ್ಕೆ ಬಿಡಲು ಸಲೈನ್ ಇದೆ ಅಂತ ಅದರ ಅರ್ಥ. ಆ ಮಾತನ್ನು ಯಜಮಾನ ಹೇಳುವಂತಿಲ್ಲ. ನರ್ಸೇ ಹೇಳಬೇಕು. ಇಳಿಜಾರಿನಿಂದ ಆಫೀಸು ಕಾಣುವುದಿಲ್ಲ, ಆಂಬುಲೆನ್ಸೂ ಕಾಣುವುದಿಲ್ಲ. ಅವರಿಗೆ ಇರುವುದು ಆ ಎರಡು ಮಾತು ಮಾತ್ರ.

ನಾನು ಗುಂಡಿ ಒತ್ತಿದೆ. "ನರ್ಸ್ ತಯಾರು."

ಮೇಸ್ತ್ರಿ ಬೊರಿಶಾನ ದನಿ ಬಂತು. "ಕೇಳಿಸ್ತು. ಎಲ್ಲಾ ಸರೀಗಿದೆಯಾ ಝುಮ್ರಾ?"

"ಸರೀಗಿದೆ."

ಕೆಳಗೆ ಹನ್ನೊಂದು ಜನ ಮೊಣಕಾಲೂರಿದರು.

*

ಎಂಟೂ ನಲವತ್ತಕ್ಕೆ ಸಿಡಿಯಿತು.

ದೊಡ್ಡ ಸದ್ದೇನಲ್ಲ. ಹಳೆಯ ಬಾಗಿಲನ್ನು ಯಾರೋ ಸಿಟ್ಟಿನಿಂದ ದಬ್ಬಿದ ಹಾಗೆ. ಆಮೇಲೆ ಗುಡ್ಡದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ವಾಕಿಟಾಕಿಯಲ್ಲಿ ಬೊರಿಶಾ ಕಿರುಚಿದ: "ಐದ್ನೇ ಪಟ್ಟಿ! ರಾಸಿಮು! ಎಲ್ರೂ ಇದ್ದಲ್ಲೇ ಇರ್ರೋ, ಒಬ್ರೂ ಅಲ್ಲಾಡ್ಬೇಡಿ! ಝುಮ್ರಾ, ಗಾಡಿ ಕಳ್ಸು!"

ಗಾಡಿ ಇಲ್ಲ ಅಂತ ಹೇಳಲು ಗುಂಡಿ ಒತ್ತಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಓಡುವಂತಿಲ್ಲ. ಕೆಂಪು ಹಗ್ಗದ ಒಳಗೇ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಹೋಗಬೇಕು.

ಗೂಟದ ಬಾಂಬು. ಜೋಳದ ತೆನೆಯ ಹಾಗೆ ಗೂಟದ ತುದಿಯಲ್ಲಿ ಕೂತಿರುತ್ತದೆ, ಹುಲ್ಲಿನಲ್ಲಿ ಎಳೆದ ತಂತಿ ತಾಗಿದರೆ ಸಾಕು. ಯುದ್ಧ ಮುಗಿದ ಹತ್ತು ವರ್ಷದಲ್ಲಿ ಹುಲ್ಲು ಬೆಳೆದು ತಂತಿಯನ್ನು ನುಂಗಿಬಿಟ್ಟಿತ್ತು. ರಾಸಿಮ್ ಮಗ್ಗುಲಾಗಿ ಬಿದ್ದಿದ್ದ. ಎದೆಯ ದಪ್ಪ ಅಂಗಿ, ಮುಖದ ಗಾಜು ತಮ್ಮ ಕೆಲಸ ಮಾಡಿದ್ದವು. ಅಂಗಿ ಮುಗಿಯುವಲ್ಲಿಂದ ಕೆಳಗೆ ಕಾಪಾಡುವಂಥದ್ದು ಏನೂ ಇರಲಿಲ್ಲವಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಚಿಂದಿ. ತೊಡೆ ಬಿಗಿದು ಕಟ್ಟಿದೆ, ಅದು ನಿಂತಿತು. ನಿಲ್ಲದೇ ಇದ್ದದ್ದು ಬಲ ತೊಡೆಸಂದಿ. ಅಲ್ಲಿ ಪಟ್ಟಿ ಕಟ್ಟಲು ಜಾಗವೇ ಇಲ್ಲ. ಮೂರು ಬೆರಳು ಹೋಗುವಷ್ಟು ತೂತು, ಅದರಿಂದ ರಕ್ತ ಉಕ್ಕುತ್ತಿತ್ತು. ಬಟ್ಟೆಯ ಸುರುಳಿ ತುರುಕುತ್ತಾ ಹೋದೆ. ಇಡೀ ಸುರುಳಿ ಒಳಗೆ ಹೋಯಿತು.

"ಬೊರಿಶಾ, ಮುಷ್ಟಿ ಇಡು ಇಲ್ಲಿ. ಒಳಗೆ. ಮೈ ಭಾರ ಪೂರ್ತಿ ಬಿಡು. ನಾನ್ ಹೇಳೋವರ್ಗೂ ಎತ್ಬೇಡ."

ಐವತ್ತು ದಾಟಿದ ಬೊರಿಶಾ ಮುಷ್ಟಿಯಿಟ್ಟು ಕೂತ. ಈ ಗುಡ್ಡದಲ್ಲಿ ಬಾಂಬಿನ ತಂತಿ ಎಳೆದ ಪಕ್ಷದ ಸೈನ್ಯದಲ್ಲಿ ಇದ್ದವನು ಅವನು. ರಾಸಿಮನ ಅಣ್ಣ ಎದುರು ಪಕ್ಷದಲ್ಲಿದ್ದು ಸತ್ತವನು. ಈಗ ಇಬ್ಬರಿಗೂ ಒಂದೇ ಯಜಮಾನ.

ಉಳಿದಿದ್ದ ಒಂದು ಬಾಟಲಿಯನ್ನು ನೇತುಹಾಕಿದೆ. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಅರ್ಧಕ್ಕೆ ಸ್ವಲ್ಪ ಕಡಿಮೆ ಬಿಟ್ಟ ಮೇಲೆ ಬೆರಳಿನ ಕೆಳಗೆ ಇರುವೆ ಓಡಾಡಿದ ಹಾಗೆ ಏನೋ ತಾಗಿತು.

"ಹೆಸ್ರೇನ್ಲಾ ನಿಂದು?" ಅಂದೆ.

ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಸುಲ್ತಾನ... ಇಸ್ತಾಂಬುಲ್‌ನೋನು," ಅಂದ. "ಝುಮ್ರಕ್ಕ, ಬೂಟು ಹೊಸದು ಕಣಕ್ಕ. ಹೋದ್ವಾರ ತಗೊಂಡಿದ್ದು."

"ಒಂದಂತೂ ಚೆನ್ನಾಗೈತೆ ಸುಮ್ನಿರ್ಲಾ," ಅಂದ ಬೊರಿಶಾ.

ನಾನು ಸಲೈನ್ ನಿಲ್ಲಿಸಿದೆ.

ಇದನ್ನು ನಾನು ಯುದ್ಧದಲ್ಲಿ ಕಲಿತದ್ದು, ಶಾಲೆಯ ನೆಲಮಾಳಿಗೆಯಲ್ಲಿದ್ದ ಆಸ್ಪತ್ರೆಯಲ್ಲಿ. ಅಲ್ಲಿ ಸಲೈನ್ ಸಾಕಷ್ಟು ಇರಲಿಲ್ಲ. ಇದ್ದ ದಿನ ನಾಲ್ಕು ನಾಲ್ಕು ಬಾಟಲಿ ಬಿಟ್ಟೆವು, ಅಂಥವರು ಹೆಚ್ಚು ಸತ್ತರು. ಇಲ್ಲದ ದಿನ ಗುಟುಕು ಗುಟುಕಾಗಿ ಕೊಟ್ಟೆವು, ಅಂಥವರಲ್ಲಿ ಕೆಲವರು ಉಳಿದರು. ಮುದುಕ ಸರ್ಜನ್ ಒಬ್ಬ ಹೇಳಿದ್ದ: ನೀರು ಬೆರೆಸಿದ ಹಾಲು ಹೆಪ್ಪಾಗುವುದಿಲ್ಲ. ಗಾಯ ತನ್ನ ಬಾಯಿಗೆ ತಾನೇ ಒಂದು ಬಿರಡೆ ಹಾಕಿಕೊಂಡಿರುತ್ತದೆ, ನೀನು ಮೇಲಿನಿಂದ ನೀರು ತುಂಬಿ ಅದನ್ನು ಒದ್ದು ತೆಗೆಯಬೇಡ. ಪೆಟ್ಟು ತಿಂದವನು ತನ್ನ ಹೆಸರು ಹೇಳುವಷ್ಟು ಕೊಡು. ಬೆಚ್ಚಗೆ ಇಡು. ಮಿಕ್ಕಿದ್ದಕ್ಕೆ ರಕ್ತವೇ ಬೇಕು, ರಕ್ತದ ಹತ್ತಿರಕ್ಕೆ ಓಡು.

ಓಡಲು ಗಾಡಿ ಬೇಕಿತ್ತು.

ವಾಕಿಟಾಕಿಯಲ್ಲಿ ಶೆಫ್ಕೆತ್ ಅರಚುತ್ತಿದ್ದ. "ನೀರು ಬಿಡೇ! ಪೂರ್ತಿ ಬಿಡು! ಇರೋದನ್ನೆಲ್ಲಾ ಬಿಟ್ಬಿಡು!"

"ಇರೋದೆಲ್ಲಾ ನಿನ್ ಮೈಯಲ್ಲೈತಲ್ಲೋ ಸೂಳೆಮಗ್ನೇ," ಅಂದೆ. ಗುಂಡಿ ಒತ್ತಿರಲಿಲ್ಲ. ಕೇಳಿಸಿಕೊಂಡದ್ದು ಬೊರಿಶಾ ಒಬ್ಬನೇ. ಅವನು ತಲೆಯೆತ್ತಿ ನನ್ನನ್ನು ನೋಡಿದ.

"ಗಾಡಿ ಎಲ್ಲಿ ಝುಮ್ರಾ?"

ಹೇಳಿದೆ. ಅವನು ಮುಷ್ಟಿಯನ್ನು ಇನ್ನೂ ಆಳಕ್ಕೆ ಒತ್ತಿದ.

*

ರಾಸಿಮನನ್ನು ತಾಡಪಾಲಿನಲ್ಲಿ ಹೊತ್ತು ಮೇಲಕ್ಕೆ ತಂದೆವು. ಯಜಮಾನರ ಕಾರಿನಲ್ಲಿ ಅವನನ್ನು ಮಲಗಿಸಿ ಮುಷ್ಟಿ ಒತ್ತಿ ಹಿಡಿಯಲು ಜಾಗವಿರಲಿಲ್ಲ; ಗಾಡಿಗಾಗಿ ಮೂವತ್ತೈದು ನಿಮಿಷ ಕಾದೆವು. ಹುಡುಗರು ತಮ್ಮ ಅಂಗಿಗಳನ್ನು ಬಿಚ್ಚಿ ಅವನ ಮೇಲೆ ಹೊದಿಸಿದರು. ಜುಲೈ ಬಿಸಿಲಿನಲ್ಲಿ ಅವನು ನಡುಗುತ್ತಿದ್ದ.

ಸಾಲ್ಕೊ ಬಂದು ಹಿಂದಿನ ಬಾಗಿಲು ತೆರೆದ. ಸ್ಟ್ರೆಚರಿನ ಮೇಲೆ ಎರಡು ಇಡೀ ಕುರಿಮರಿಗಳು, ಸಲಾಕೆಯ ಸಮೇತ, ಕಾಗದದಲ್ಲಿ ಸುತ್ತಿಕೊಂಡು ಮಲಗಿದ್ದವು. ಬೆಲ್ಟನ್ನೂ ಹಾಕಿದ್ದರು. ಬಿಸಿ ಕೊಬ್ಬಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹುಡುಗನೊಬ್ಬ ಸಲಾಕೆ ಹಿಡಿದು ಎಳೆದ.

"ಮಣ್ಣಿಗೆ ಹಾಕ್ಬೇಡ್ರೋ ಬೋಳಿಮಕ್ಳಾ!" ಶೆಫ್ಕೆತ್ ಆಫೀಸಿನ ಮೆಟ್ಟಿಲಿನಿಂದ ಕೂಗಿದ. ಕೈಯಲ್ಲಿ ಸೂಜಿ ಕಿತ್ತ ಜಾಗಕ್ಕೆ ಹತ್ತಿ ಒತ್ತಿ ಹಿಡಿದಿದ್ದ. "ಕೆಳಗೆ ಪ್ಲಾಸ್ಟಿಕ್ಕಾದ್ರೂ ಹಾಸ್ರೋ!"

ಆ ಜಿಡ್ಡಿನ ಮೇಲೆಯೇ ರಾಸಿಮನನ್ನು ಮಲಗಿಸಿದೆವು. ಬೊರಿಶಾ ಅವನ ಮೇಲೆ ಬಗ್ಗಿಕೊಂಡೇ ಹತ್ತಿದ. ನಲವತ್ತು ನಿಮಿಷದ ದಾರಿ, ಒಂದೊಂದು ಗುಂಡಿಗೂ ಅವನು ಮುಷ್ಟಿಯ ಮೇಲೆ ಮತ್ತೆ ಮೈ ಭಾರ ಹಾಕುತ್ತಿದ್ದ. ಎರಡು ಸಲ ನಾಡಿ ಕಳೆದುಹೋಯಿತು. ಎರಡು ಸಲವೂ ಎರಡೆರಡು ಗುಟುಕು ಸಲೈನ್ ಬಿಟ್ಟು ನಿಲ್ಲಿಸಿದೆ. ಎರಡನೇ ಸಲ ಹೆಸರು ಕೇಳಿದಾಗ ತಮಾಷೆ ಇರಲಿಲ್ಲ.

"ರಾಸಿಮ್," ಅಂದ, ಅಷ್ಟೇ.

ಹಿಂದಿನಿಂದ ಉಳಿದ ಹುಡುಗರು ದಾರಿಯಲ್ಲಿ ಸಿಕ್ಕ ಲಾರಿ ಹತ್ತಿ ಬರುತ್ತಿದ್ದರು, ರಕ್ತ ಕೊಡಲು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವನು. ಬಿ.ಪಿ. ನೋಡಿ ನನ್ನ ಕಡೆ ತಿರುಗಿದ. "ಎಪ್ಪತ್ತು! ಇಷ್ಟು ಹೊತ್ತು ಏನ್ ಮಾಡ್ತಿದ್ರಿ? ಒಂದೇ ಬಾಟ್ಲಿ? ಅದ್ರಲ್ಲೂ ಉಳಿಸ್ಕೊಂಡು ಬಂದಿದೀರಿ. ಮನೆಗೆ ತಗೊಂಡೋಗೋಣ ಅಂತ ಇತ್ತಾ?"

"ಡಾಕ್ಟ್ರೇ, ತೊಡೆಸಂದಿ ಗಾಯ, ಒಳಗಡೆ ಹೆಪ್ಪು ಕಟ್ಟಿದೆ. ಜಾಸ್ತಿ ಬಿಟ್ರೆ ಕಿತ್ಕೊಂಡ್ ಬರ್ತದೆ. ರಕ್ತ ಹಾಕಿ, ನೇರ ಆಪರೇಷನ್ನಿಗೆ..."

"ನೀವು ಯಾವ್ ಕಾಲೇಜಲ್ಲಿ ಪ್ರೊಫೆಸರು?"

ಎರಡೂ ಕೈಗೆ ಎರಡು ದಪ್ಪ ಸೂಜಿ. ಎರಡೂ ಕಡೆಯಿಂದ ಸಲೈನ್, ಪೂರ್ತಿ ತೆರೆದು. ಉಗ್ರಾಣದಿಂದ ತಂದ ತಣ್ಣನೆಯ ಬಾಟಲಿಗಳು. ಎಪ್ಪತ್ತು ತೊಂಬತ್ತಾಯಿತು, ನೂರಾ ಹತ್ತಾಯಿತು. ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಝುಮ್ರಾ," ಬೊರಿಶಾ ಮೆಲ್ಲಗೆ ಅಂದ. "ಬಿಸಿ ಆಗ್ತಾ ಐತೆ. ಕೆಳಗಿಂದ ನನ್ ಮುಷ್ಟೀನ ತಳ್ತಾ ಐತೆ."

ಆಮೇಲೆ ಬಂತು. ಬೆರಳಿನ ಸಂದಿಯಿಂದ, ಮುಷ್ಟಿಯ ಸುತ್ತಲಿಂದ, ಟೇಬಲ್ಲಿನಿಂದ ನೆಲಕ್ಕೆ. ಕೆಂಪು ಅಲ್ಲ, ಬೀಟ್‌ರೂಟ್ ತೊಳೆದ ನೀರಿನ ಬಣ್ಣ. ಹೆಪ್ಪುಗಟ್ಟುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.

ಆಗ ಡಾಕ್ಟರು ರಕ್ತ, ರಕ್ತ ಅಂತ ಕೂಗಿದ.

ರಕ್ತನಿಧಿಯಲ್ಲಿ ಅವನ ಗುಂಪಿನದು ಇದ್ದದ್ದು ಎರಡು ಬಾಟಲಿ. ನಾನು ಓಡಿಹೋದಾಗ ಗಾಜಿನ ಕಿಂಡಿಯ ಮುಂದೆ ಒಂಬತ್ತು ಹುಡುಗರು ಬನಿಯನ್ನಿನಲ್ಲಿ, ತೋಳು ಮುಂದೆ ಚಾಚಿ ಸಾಲಾಗಿ ನಿಂತಿದ್ದರು. ಒಳಗಿನ ಹೆಂಗಸು ಬೂಟಿನ ಮಣ್ಣು ನೋಡಿ ಮುಖ ಕಿವುಚಿದಳು.

"ಗುರುತಿನ ಚೀಟಿ?"

ಯಾರ ಹತ್ತಿರವೂ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅದು ಶೆಫ್ಕೆತನ ಡ್ರಾಯರಿಗೆ ಹೋಗುತ್ತದೆ. ಬೇರೆ ಗುತ್ತಿಗೆದಾರನ ಹತ್ತಿರ ಓಡಿಹೋಗಬಾರದಲ್ಲ.

"ಅಮ್ಮಾ, ನಮ್ ಚೀಟಿ ಯಜಮಾನ್ರ ಹತ್ರ ಐತೆ. ರಕ್ತ ನಮ್ ಹತ್ರಾನೇ ಐತೆ," ಅಂದ ಒಬ್ಬ.

"ಚೀಟಿ ಇಲ್ದೆ ಸೂಜಿ ಮುಟ್ಟಲ್ಲ ನಾನು. ನಾಳೆ ನನ್ ಕೆಲಸ ಹೋದ್ರೆ ನೀವ್ ಕೊಡ್ತೀರಾ?"

ಎಲ್ಲರಿಗಿಂತ ಹಿಂದೆ ನಿಂತಿದ್ದ ಮಿಲೆಂಕೊ, ಬೊರಿಶಾನ ಊರಿನವನು, ಮೆಲ್ಲಗೆ ಅಂದ: "ನನ್ದು ಅದೇ ಗುಂಪು ಕಣ್ರೋ. ಆದ್ರೆ ನನ್ ರಕ್ತ ಹಾಕಿದ್ರೆ ಅವನು ಎದ್ದೇಟ್ಗೆ ಹಂದಿ ಮಾಂಸ ಕೇಳ್ತಾನೆ. ಅವನ ಹೆಂಡ್ತಿ ಎಸ್ಮಾ ನನ್ನ ಬಿಡ್ತಾಳಾ?" ಯಾರೋ ಒಬ್ಬರು ನಕ್ಕರು. ನಗುತ್ತಲೇ ಮುಖ ಒರೆಸಿಕೊಂಡರು.

ಕಿಂಡಿಯ ಹೆಂಗಸು ಮೂರು ಕಡೆ ಫೋನ್ ಮಾಡಿದಳು. ಶೆಫ್ಕೆತ್ ಫೋನ್ ಎತ್ತಲಿಲ್ಲ. ಕಮಿಶನ್ನಿನವರಿಗೆ ರಸ್ತೆ ರಿಪೇರಿಯಲ್ಲಿದೆ, ನಾಡಿದ್ದು ಬನ್ನಿ ಅಂತ ಹೇಳುವುದರಲ್ಲಿ ಇದ್ದನಂತೆ. ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ ಯಾರೋ ಮೇಲಿನವರು ಒಪ್ಪಿದರು. ಮಿಲೆಂಕೊನ ತೋಳಿಗೆ ಸೂಜಿ ಬಿತ್ತು.

ಅವನ ಬಾಟಲಿ ಅರ್ಧ ತುಂಬಿತ್ತು. ಬೊರಿಶಾ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದ. ಮುಷ್ಟಿ ಇನ್ನೂ ಬಿಗಿದೇ ಇತ್ತು. ಬೆರಳು ಬಿಡಿಸಲು ಆಗುತ್ತಿರಲಿಲ್ಲ ಅವನಿಗೆ.

*

ಸಂಜೆ ಸಿಡಿದ ಜಾಗದ ಅಳತೆ ಮಾಡಲು ಬಂದ ಪೊಲೀಸರಿಗೆ ಶೆಫ್ಕೆತ್ ಕುರಿಮರಿ ಬಡಿಸಿದ. ತಣ್ಣಗಾಗಿದೆ ಅಂತ ಕ್ಷಮೆಯನ್ನೂ ಕೇಳಿದನಂತೆ.

ಮರುದಿನ ರಾಸಿಮನ ಮಣ್ಣು ಮುಗಿಸಿ ಬಂದ ಮೇಲೆ ನನ್ನನ್ನು ಕರೆಸಿದ. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ ಇತ್ತು. ಆಂಬುಲೆನ್ಸ್ ಜಾಗದಲ್ಲಿತ್ತು. ನರ್ಸ್ ನಾಲ್ಕು ಬಾಟಲಿ ಸಲೈನ್ ಕೊಟ್ಟಳು. ಕಾನೂನಿನ ಪ್ರಕಾರ ಎಲ್ಲವೂ ನಡೆಯಿತು. ಕೆಳಗೆ ನನ್ನ ಹೆಸರು.

"ಕೂತ್ಕೋ ಝುಮ್ರಾ," ಅಂದ. ಇಷ್ಟು ದಿನದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದ. "ನಿನ್ಮೇಲೆ ನನ್ಗೇನೂ ಕೋಪ ಇಲ್ಲ. ಒಂದೇ ಬಾಟ್ಲಿ ಕೊಟ್ಟೆ ಅಂತ ಡಾಕ್ಟ್ರು ಬರ್ದಿದಾನೆ. ನಾನು ಅದನ್ನ ಮುಚ್ತಿದೀನಿ. ಸಹಿ ಹಾಕು."

"ಹಾಕ್ದೇ ಇದ್ರೆ?"

"ನನ್ಗೇನಾಗ್ತದೆ? ದಂಡ. ಕಟ್ತೀನಿ. ಆದ್ರೆ ಇನ್ಶೂರೆನ್ಸ್‌ನೋರು ನಿಯಮ ಮುರಿದ ಜಾಗದಲ್ಲಿ ಸತ್ತೋನ ಹೆಂಡ್ತಿಗೆ ಬಿಡಿಗಾಸು ಕೊಡಲ್ಲ. ಹೋಗಿ ಎಸ್ಮಾಗೆ ನೀನೇ ಹೇಳು. ಸತ್ಯ ಹೇಳ್ದೆ, ನಿನ್ ಮಕ್ಳು ಉಪವಾಸ ಇರ್ಲಿ ಅಂತ."

ಹೋದೆ. ಎಸ್ಮಾ ಒಲೆಯ ಮುಂದೆ ನಿಂತು, ಮನೆಗೆ ಬಂದವರಿಗೆ ಕಾಫಿ ಕಾಯಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮೂರು ಬಾಟಲಿ ಎಲ್ಲಿ ಹೋಯಿತು, ಗಾಡಿ ಎಲ್ಲಿ ಹೋಗಿತ್ತು, ನಾನು ಏಳು ಗಂಟೆಗೆ ವಾಕಿಟಾಕಿಯಲ್ಲಿ ಏನು ಹೇಳಿದೆ, ಸಹಿ ಹಾಕದಿದ್ದರೆ ಇನ್ಶೂರೆನ್ಸ್ ಏನಾಗುತ್ತದೆ, ಎಲ್ಲ. ಕಾಫಿ ಉಕ್ಕಿ ಒಲೆಗೆ ಬಿತ್ತು. ಅವಳು ಪಾತ್ರೆ ಇಳಿಸಲಿಲ್ಲ.

"ತಯಾರು ಅಂದ್ಯಾ?"

"ಅಂದೆ."

ಪಾತ್ರೆ ಇಳಿಸಿ, ಒಲೆಗೆ ಬಿದ್ದ ಕಾಫಿಯನ್ನು ಒರೆಸಿದಳು. ಆಮೇಲೆ, "ಸಹಿ ಹಾಕು," ಅಂದಳು. "ನಿನ್ನ ಕ್ಷಮಿಸ್ದೆ ಅಂತ ತಿಳ್ಕೋಬೇಡ. ಮಕ್ಳಿಗೆ ಅನ್ನ ಬೇಕು. ಹಾಕ್ಬುಟ್ಟು, ನನ್ನ ಮನೆಗೆ ಬರ್ಬೇಡ."

ಸಹಿ ಹಾಕಿದೆ.

*

ಅದರ ಮರುದಿನ ಕಮಿಶನ್ನಿನವರು ಬಂದರು. ಎರಡು ಬಿಳಿ ಜೀಪು, ಮೂರು ಜನ ಸಾಹೇಬರು, ಕನ್ನಡಕ ಹಾಕಿದ ಒಬ್ಬ ಹೆಂಗಸು, ಒಬ್ಬ ದುಭಾಷಿ.

ಆವತ್ತು ಎಲ್ಲವೂ ಇತ್ತು. ಆಂಬುಲೆನ್ಸ್ ತೊಳೆದು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದರು. ಬಾಗಿಲು ತೆರೆದಿತ್ತು. ಸ್ಟ್ರೆಚರ್ ಅರ್ಧ ಎಳೆದಿತ್ತು, ಮೇಲೆ ಹೊಸ ಬಿಳಿ ಹಾಸು. ನನ್ನ ಚೀಲದಲ್ಲಿ ನಾಲ್ಕಲ್ಲ, ಆರು ಬಾಟಲಿ. ಸಾಲ್ಕೊಗೆ ಇಸ್ತ್ರಿ ಮಾಡಿದ ಅಂಗಿ. ಹತ್ತು ಜನ ಕೆಳಗೆ ತಂತಮ್ಮ ಪಟ್ಟಿಯ ಬಾಯಲ್ಲಿ ನಿಂತಿದ್ದರು. ಐದನೇ ಪಟ್ಟಿಯ ಬಾಯಲ್ಲಿ ಯಾರೂ ಇರಲಿಲ್ಲ.

ಏಳಾಯಿತು. ಶೆಫ್ಕೆತ್ ನನ್ನ ಕಡೆ ನೋಡಿ ಮುಗುಳ್ನಕ್ಕ. ನಾನು ವಾಕಿಟಾಕಿಯನ್ನು ಕೈಯಲ್ಲಿ ಹಿಡಿದು, ಕೆಳಗಿನವರು ಕಾಣುವ ಹಾಗೆ ಇಳಿಜಾರಿನ ಅಂಚಿಗೆ ಬಂದು ನಿಂತಿದ್ದೆ.

ಏಳೂ ಐದು.

"ಹೇಳು," ಅಂದ, ತುಟಿ ಅಲ್ಲಾಡಿಸದೆ.

ಏಳೂ ಹತ್ತು. ಸಾಹೇಬರೊಬ್ಬರು ಗಡಿಯಾರ ನೋಡಿಕೊಂಡರು. ಕನ್ನಡಕದ ಹೆಂಗಸು ಏನೋ ಕೇಳಿದಳು. ದುಭಾಷಿ ಶೆಫ್ಕೆತನ ಕಡೆ ತಿರುಗಿ, "ಕೆಲಸ ಯಾಕೆ ಶುರುವಾಗಿಲ್ಲ ಅಂತ ಕೇಳ್ತಿದಾರೆ," ಅಂದ.

ಶೆಫ್ಕೆತ್ ಇನ್ನೊಂದು ವಾಕಿಟಾಕಿ ಕಿತ್ತುಕೊಂಡ. "ಬೊರಿಶಾ, ಶುರು ಮಾಡ್ಸೋ!"

"ನರ್ಸಮ್ಮನ ಮಾತು ಬಂದಿಲ್ಲ," ಅಂತ ಕೆಳಗಿನಿಂದ ಬಂತು.

"ನಾನ್ ಹೇಳ್ತಾ ಇದೀನಲ್ಲ!"

"ನೀವ್ ಹೇಳಂಗಿಲ್ಲ ಯಜಮಾನ್ರೇ."

ಅವನು ನನ್ನ ಹತ್ತಿರಕ್ಕೆ ಬಂದ. ಕಮಿಶನ್ನಿನವರಿಗೆ ಬೆನ್ನು ಮಾಡಿ, ಹಲ್ಲು ಕಚ್ಚಿಕೊಂಡು, "ಎಲ್ಲಾ ಇದೆಯಲ್ಲೇ ಲೌಡಿ!" ಅಂದ. "ಗಾಡಿ ಇದೆ, ಡ್ರೈವರ್ ಇದಾನೆ, ಆರು ಬಾಟ್ಲಿ ಇದೆ. ಇನ್ನೇನ್ ಬೇಕೇ ನಿನ್ಗೆ?"

"ಇವತ್ತು ಇದೆ," ಅಂದೆ.

ಕೆಳಗೆ ಬೊರಿಶಾ ತನ್ನ ಮುಖದ ಗಾಜನ್ನು ಬಿಚ್ಚಿ ಹುಲ್ಲಿನ ಮೇಲೆ ಇಟ್ಟ. ಅವನ ಪಕ್ಕದವನೂ ಇಟ್ಟ. ಒಬ್ಬೊಬ್ಬರಾಗಿ ಹತ್ತು ಜನವೂ ಇಟ್ಟು, ಕೆಂಪು ಹಗ್ಗದ ಹೊರಗೆ ಕೂತರು. ಯಾರೋ ಬೀಡಿ ಹಚ್ಚಿದರು.

ಬಿಸಿಲು ಏರುತ್ತಿತ್ತು. ಕನ್ನಡಕದ ಹೆಂಗಸು ನೆರಳು ಹುಡುಕಿಕೊಂಡು ಆಂಬುಲೆನ್ಸಿನ ಬಾಗಿಲಿಗೆ ಹೋಗಿ ಒರಗಿದಳು. ಮೂಗು ಅರಳಿಸಿದಳು. ಆಮೇಲೆ ಬಗ್ಗಿ, ಸ್ಟ್ರೆಚರಿನ ಹೊಸ ಹಾಸಿನ ಮೇಲೆ ಒಳಗಿನಿಂದ ಒಡೆದು ಬರುತ್ತಿದ್ದ ಹಳದಿ ಜಿಡ್ಡಿನ ಕಲೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.